ಎರಡು ವಾಲ್ವುಗಳ ನಡುವೆ ನಾನು ಸುತ್ತಿದ ತಂತಿ

ಬೈರಕೂರು
12-3-1976

ಪ್ರೀತಿಯ ಅಣ್ಣನಿಗೆ,

ಪ್ರೀತಿಯ ಎಂದು ಬರೆದದ್ದು ಅಭ್ಯಾಸದಿಂದ. ಬೆಸುಗೆಯ ಹೊಗೆಗೆ ಬರುತ್ತಿದ್ದ ನಿನ್ನ ಕೆಮ್ಮು ಕಡಿಮೆಯಾಯಿತೇ? ಅಮ್ಮ ಕೇಳು ಅಂದಳು, ಕೇಳಿದ್ದೇನೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಮಾಲೂರಿನಲ್ಲಿ ನಿನ್ನ ಅಂಗಡಿ ನೋಡಿ ಬಂದಾಗಿನಿಂದ ನನಗೆ ಮಾತ್ರ ಮುದ್ದೆ ರುಚಿಸುತ್ತಿಲ್ಲ.

ನಿನ್ನೆ ನಿನ್ನ ಕಾಗದ ಬಂತು, ಅಪ್ಪನ ಹೆಸರಿಗೆ. ಇನ್ನೊಂದು ಆಂಪ್ಲಿಫೈಯರ್ ಕಟ್ಟಬೇಕು, ತಂಗಿ ಗಂಗಳ ಕೈಲಿ ಬೇಗ ಟ್ರಾನ್ಸ್‌ಫಾರ್ಮರ್ ಸುತ್ತಿಸಿ ಕಳಿಸಿ ಎಂದು ಬರೆದಿದ್ದೀಯ. ನನಗೇ ಬರೆದಿದ್ದರೆ ನಿನ್ನ ಕೈ ಸವೆಯುತ್ತಿತ್ತೇ? ನಾಲ್ಕನೇ ಕ್ಲಾಸಿನವರೆಗೆ ಓದಿದವಳಿಗೂ ಕಾಗದ ಓದಲು ಬರುತ್ತದೆ.

ಬೆಂಗಳೂರಿನ ಗುಜರಿಯಿಂದ ಗಾಜಿನ ಬುರುಡೆಯಂಥ, ಮಿಲಿಟರಿಯವರ ಹಳೆಯ ವೈರ್‌ಲೆಸ್ ವಾಲ್ವುಗಳೆರಡನ್ನು ನೀನು ತಂದದ್ದು ನೆನಪಿದೆಯೇ? ಒಂದು ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ, ನಡುವಿನ ಟ್ರಾನ್ಸ್‌ಫಾರ್ಮರಿನ ಎರಡು ಭಾಗವೂ ಸಮವಾಗಿರಬೇಕು ಎಂದು ನೀನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದೆ. ಆಮೇಲೆ ನೀನೇ ಒಂದು ಭಾಗವನ್ನು ಒಳಗೆ ಸುತ್ತಿ, ಇನ್ನೊಂದನ್ನು ಅದರ ಮೇಲೆ ಸುತ್ತಿದೆ. ಹಾಡು ಗಂಟಲು ಕಟ್ಟಿದವರ ಹಾಗೆ ಬಂತು. ವಾಲ್ವೇ ಸರಿಯಿಲ್ಲ ಎಂದು ಎಸೆಯಲು ಹೊರಟೆ. ಸುತ್ತಿನ ಲೆಕ್ಕ ಸಮವಾದರೂ ಮೇಲಿನ ಸುತ್ತಿಗೆ ತಂತಿ ಜಾಸ್ತಿ ಹಿಡಿಯುತ್ತದಲ್ಲಾ, ಎರಡನ್ನೂ ಪಕ್ಕಪಕ್ಕ ಸುತ್ತೋಣ ಎಂದವಳು ನಾನು. ರೇಷ್ಮೆ ನೂಲು ತೆಗೆಯುವವಳಿಗೆ ಅಷ್ಟು ಗೊತ್ತಾಗದೇ? "ಇದು ರೇಷ್ಮೆ ಅಲ್ಲ ಕಣೇ, ಕರೆಂಟು" ಎಂದು ನೀನು ನಕ್ಕೆ. ನಕ್ಕ ಮೇಲೆ ನಾನು ಹೇಳಿದಂತೆಯೇ ನಡುವೆ ರಟ್ಟಿನ ಗೋಡೆ ನಿಲ್ಲಿಸಿದೆ. ಆಚೆಗೊಂದು ಭಾಗ, ಈಚೆಗೊಂದು ಭಾಗ ಎಂದು ಚರಕದಲ್ಲಿ ನಾನೇ ಸುತ್ತಿದೆ. ಕೂದಲೆಳೆಯಂಥ ತಂತಿ, ಒಮ್ಮೆಯೂ ಹರಿಯಲಿಲ್ಲ. ಸಂಜೆ ಹಾಡು ಹಾಕಿದಾಗ ಪಕ್ಕದ ಮನೆಯ ಅಶ್ವತ್ಥಮ್ಮ, "ಯಾರು ಬಂದವ್ರೆ ನಿಮ್ಮನೆಗೆ, ಇಷ್ಟು ಚೆಂದಾಗಿ ಹಾಡ್ತಾವ್ರೆ" ಎಂದು ಒಳಗೇ ಬಂದು ಹುಡುಕಿದಳು.

ಆ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ತೋರಿಸಿಯೇ ನಿನಗೆ ದೊಡ್ಡವೆಂಕಟಪ್ಪನವರ ಮೈಕ್ ಸೆಟ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮೊನ್ನೆ ನಾನೂ ಅಮ್ಮನೂ ಅಂಗಡಿಗೆ ಬಂದಾಗ ಅವರು ಮುಚ್ಚಳ ತೆಗೆದು, "ಏನ್ ಕೈಯಪ್ಪಾ ಇದು, ಯಾರು ಸುತ್ತಿದ್ದು?" ಎಂದು ಕೇಳಿದರು. ನಾನು ಅಮ್ಮನ ಬೆನ್ನ ಹಿಂದೆ ನಿಂತಿದ್ದೆ. ನೀನು ನನ್ನ ಮುಖ ನೋಡಿಕೊಂಡೇ, "ಬೆಂಗ್ಳೂರಲ್ಲಿ ಒಬ್ರತ್ರ ಮಾಡಿಸ್ದೆ ಸಾರ್" ಅಂದೆ. ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ, "ಹೆಣ್ಣೈಕಳು ಸುತ್ತಿದ್ದು ಅಂದ್ರೆ ಯಾರು ತಗೋತಾರೆ, ಸುಮ್ನಿರೇ" ಅಂದೆ. ಬೈರಕೂರು ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಈಗ ಅದೇ ಹೆಣ್ಣು ಸುತ್ತಿದ್ದು ಇನ್ನೊಂದು ಬೇಕು ನಿನಗೆ.

ಅಪ್ಪ ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ನನ್ನ ಕಡೆಯಿಂದ ಸದ್ಯಕ್ಕೆ ಏನೂ ಇಲ್ಲ.

ನಿನ್ನ ತಂಗಿ,
ಮುನಿಗಂಗಮ್ಮ

ಮರೆತಿದ್ದೆ. ಟ್ರಾನ್ಸ್‌ಫಾರ್ಮರ್ ಸುತ್ತಿ ಮುಗಿಸಿದ್ದೇನೆ. ಮೊದಲಿನದಕ್ಕಿಂತ ಚೆನ್ನಾಗಿದೆ. ಬಸ್ಸಿನವರ ಕೈಲಿ ಕಳಿಸುವುದಿಲ್ಲ, ಸೋಮವಾರ ಅಪ್ಪನ ಜೊತೆ ನಾನೇ ತರುತ್ತೇನೆ. ಅಂಗಡಿಯ ಯಜಮಾನರ ಮುಂದೆ ನನಗೆ ಬಾಯಿ ಬರುವುದಿಲ್ಲ ಎಂದು ನಿನಗೆ ಗೊತ್ತು. ಅದಕ್ಕೇ ಯಾರು ಸುತ್ತಿದ್ದೆಂದು ನೀನೇ ಹೇಳಬೇಕು. ಹೇಳಿದರೆ ನಿನ್ನ ಮೇಜಿನ ಪಕ್ಕದಲ್ಲಿ ನನಗೂ ಒಂದು ಸ್ಟೂಲು ಹಾಕಿಸು, ಕೆಲಸ ಮಾಡುತ್ತೇನೆ. ಹೇಳದಿದ್ದರೆ ಟ್ರಾನ್ಸ್‌ಫಾರ್ಮರ್ ಕಟ್ಟಿದ ಬಟ್ಟೆಯ ಗಂಟು ಬಿಚ್ಚದೆ, ಅದನ್ನೂ ಹಿಡಿದುಕೊಂಡು ಅದೇ ಬಸ್ಸಿಗೆ ವಾಪಸು ಬರುತ್ತೇನೆ.