ದುಂಡಗಿನ ಕಟ್ಟಿ

ಅಬಲೂರು, ೧೯೩೮

ದೊಡ್ಡಪ್ಪನವರ ಪಾದಕ್ಕ ಶರಣಾರ್ಥಿ.

ಬೇವಿನ ಗಿಡದ ಸುತ್ತ ಇದ್ದ ದುಂಡಗಿನ ಕಟ್ಟಿ ಒಡಿಸಿ, ಮಂದಿ ಮಾರಿ ನೋಡಿ ಮಾತಾಡಲಿ ಅಂತ ಎದುರಾಬದುರಾ ಕಲ್ಲು ಹಾಕಿಸಿದಾಂವ ನಾನ. ಹೊಲ ಪಾಲಾದಾಗಿಂದ ಮಾತು ಬಿಟ್ಟ ನೀವೂ ಅಪ್ಪನೂ ಆ ಕಟ್ಟಿ ಮ್ಯಾಲ ಬೆನ್ನಿಗೆ ಬೆನ್ನು ಮಾಡಿ ಕುಂತು, "ಈ ಸಲ ಜ್ವಾಳ ಹೆಂಗೈತೋ" ಅಂತ ಗಿಡಕ್ಕ ಕೇಳಿದಂಗ ಕೇಳಿ, ಗಿಡಕ್ಕ ಹೇಳಿದಂಗ ಹೇಳತಿದ್ರಿ. ಅದೂ ಮಾತ ಅಂತ ನನಗ ತಿಳೀಲಿಲ್ಲ.

ನೀವು ಶಿಗ್ಗಾಂವಕ್ಕ ಮಗಳ ಮನಿಗೆ ಹೋದ್ರಿ. ಅಪ್ಪ ಹೊರಗ ಬರೂದ ಬಿಟ್ಟ.

ಕಟ್ಟಿ ಮತ್ತ ದುಂಡಗ ಕಟ್ಟಿಸೇನಿ, ಗಚ್ಚು ಒಣಗೇತಿ. ಅಕ್ಕಗ ಹೇಳಿ ಸೋಮವಾರ ಬರ್ರಿ. ಇವತ್ತ ಮುಂಜಾನೆ ಅಪ್ಪ ಹೋಗಿ ಕುಂತಾನ, ನಿಮ್ಮ ಜಾಗಕ್ಕ ಬೆನ್ನು ಮಾಡಿ.

ನಿಮ್ಮ ತಮ್ಮನ ಮಗ,
ಕರಿಬಸಪ್ಪ