ನಾಗವೇಣಿಯ ಬಗ್ಗೆ ನನ್ನ ಅಭಿಪ್ರಾಯ

ಜೂನ್ 8, 2025. ಭಾನುವಾರ ಸಂಜೆ

ಮಂಡಿಗೆ ಎಣ್ಣೆ ಹಚ್ಚಿಕೊಂಡಾಯಿತು. ಓದುಗರ ಬಳಗದ ಕೂಟ ಈ ಸಲ ರಾಮಚಂದ್ರಪ್ಪ ಮೇಷ್ಟ್ರ ಮನೆಯಲ್ಲಿ. ಎಸ್.ಎಸ್. ಬಡಾವಣೆಯ ಈ ತುದಿಯಿಂದ ಆ ತುದಿಗೆ ನಡೆದೇ ಹೋದೆ. ಹದಿಮೂರು ಜನ. ತಿಂಗಳಿಗೊಂದು ಪುಸ್ತಕ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅಲ್ಲಿ ನಾನೊಬ್ಬಳೇ.

ಈ ಸಲದ್ದು ನಾಗವೇಣಿ ಎಂಬ ಹೆಂಗಸಿನ ಬಗ್ಗೆ ಬರೆದ ಕಾದಂಬರಿ. ವಯಸ್ಸು ನಲವತ್ತೆಂಟು. ಮಕ್ಕಳ ಮದುವೆ ಮುಗಿಸಿ, ಒಂದು ಬೆಳಿಗ್ಗೆ ಗಂಡನ ಮನೆ ಬಿಟ್ಟು ಹೋಗಿ, ಡ್ರೈವಿಂಗ್ ಕಲಿತು ಸ್ಕೂಲ್ ವ್ಯಾನ್ ಓಡಿಸುತ್ತಾಳೆ. ಅಷ್ಟೇ ಕಥೆ. ಜಗಳ ಎರಡು ಗಂಟೆ.

ಮೇಷ್ಟ್ರು, "ಬರವಣಿಗೆ ಚಲೋ ಐತೆ. ಆದ್ರೆ ಆ ಗಂಡನ ಬಾಯಿಗೆ ಒಂದ್ ಮಾತೂ ಕೊಟ್ಟಿಲ್ಲ ನೋಡ್ರಿ. ಇದು ನ್ಯಾಯ ಅಲ್ಲ" ಎಂದರು.

ಬೊಮ್ಮಣ್ಣ, ಬಸ್ಸು ಓಡಿಸಿ ರಿಟೈರ್ ಆದವರು: "ಹೊಡೆಯಲ್ಲ, ಕುಡಿಯಲ್ಲ. ಅಂಥ ಗಂಡನ್ನ ಬಿಟ್ಟು ಹೋಗೋದು ಯಾಕ? ಅದ್ರಾಗೆ ಮೂರೇ ತಿಂಗಳಿಗೆ ವ್ಯಾನ್ ರಿವರ್ಸ್ ತಗೀತಾಳಂತೆ! ಮೂವತ್ತು ವರ್ಷ ಓಡಿಸಿದೋನು ನಾನು, ಇನ್ನೂ ಕಾಂಪೌಂಡಿಗೆ ತಾಗಿಸ್ತೀನಿ." ಎಲ್ಲರೂ ನಕ್ಕರು.

ಸ್ವಾತಿ, ಬ್ಯಾಂಕಿನ ಹುಡುಗಿ: "ಇಪ್ಪತ್ತನೇ ಚಾಪ್ಟರ್ ತನಕ ಯಾಕೆ ಕಾದ್ಲು ಅಂತ ನಂಗೆ ಸಿಟ್ಟು. ಮೂರನೇದಕ್ಕೇ ಹೋಗ್ಬೇಕಿತ್ತು."

ನಾನು ಎದ್ದು ನಿಂತೆ. ಕೂತು ಮಾತಾಡಲು ಬರುವುದಿಲ್ಲ. "ಹೊಡೆದ್ರೆ ಮಾತ್ರ ಬಿಡ್ಬೇಕು ಅಂತ ಯಾರು ಬರ್ದಾರೆ ಬೊಮ್ಮಣ್ಣ? ಅವಳು ಹೋಗಿದ್ದು ಸರಿ. ಬಾ ಅನ್ನೋ ಒಂದು ಮನೆ ಇದ್ರೆ ಇನ್ನೂ ಎಷ್ಟು ಜನ ಹೋಗ್ತಿದ್ರೋ."

ಚಪ್ಪಾಳೆ! ಸ್ವಾತಿ ಕೈ ಹಿಡಿದುಕೊಂಡು, "ಆಂಟಿ, ನೀವು ಸೂಪರ್" ಅಂದಳು. ಮನೆ ಮುಟ್ಟುವವರೆಗೂ ಮಂಡಿ ನೋಯಲಿಲ್ಲ.

ಜೂನ್ 10. ಮಂಗಳವಾರ

ಪುಸ್ತಕವನ್ನು ಪುಷ್ಪಿಗೆ ಪೋಸ್ಟ್ ಮಾಡಿದೆ. ಕಡರನಾಯಕನಹಳ್ಳಿ, ಹರಿಹರ ತಾಲ್ಲೂಕು. ಮೂವತ್ತು ವರ್ಷದಿಂದ ಈ ವಿಳಾಸ ಬರೆಯುತ್ತಿದ್ದೇನೆ. ತಂಗಿ ನನಗಿಂತ ಹದಿಮೂರು ವರ್ಷ ಚಿಕ್ಕವಳು. ಅವ್ವ ಹೋದ ಮೇಲೆ ನನ್ನ ಮನೆಯೇ ಅವಳಿಗೆ ತವರು.

ಎರಡು ಪುಟ ಕಾಗದವನ್ನೂ ಒಳಗಿಟ್ಟೆ. ಮಗ ಮಾರುತಿಗೆ ಫ್ಯಾಕ್ಟರಿಯಲ್ಲಿ ಪ್ರಮೋಷನ್, ನನ್ನ ಮಂಡಿ, ಸೊಸೆ ಸುಷ್ಮಾಳ ಕೈಯ ಹೊಸ ಉಪ್ಪಿನಕಾಯಿ. ಕೊನೆಗೆ ಒಂದು ಸಾಲು ಹೆಚ್ಚು ಬರೆದೆ — "ಓದು ಪುಷ್ಪಿ, ನಿನ್ನ ವಯಸ್ಸಿನವಳೇ."

ಜೂನ್ 27

ಉತ್ತರ ಇಲ್ಲ. ಫೋನ್ ಮಾಡಿದೆ. ಅವಳ ಗಂಡ ಗುತ್ತೆಪ್ಪ ಎತ್ತಿದ. ಮಾತಾಡದೆ ಕಟ್ಟೆಯ ಮೇಲೆ ಇಟ್ಟು ಹೋದ. ಎಮ್ಮೆ ಮೇವು ಅಗಿಯುವ ಸದ್ದು ಕೇಳುತ್ತಾ ಐದು ನಿಮಿಷ ಕಾದೆ... ಪುಷ್ಪಿ ಬರಲಿಲ್ಲ.

ಜುಲೈ 2. ಬುಧವಾರ

ಬಂದಿದ್ದಾಳೆ. ಒಂದು ಬ್ಯಾಗು, ಒಂದು ಚೀಲ. ಚೀಲದಲ್ಲಿ ಅವಳ ತಟ್ಟೆ, ಲೋಟ, ಎರಡು ಕಂಬಳಿ. ತಟ್ಟೆ ನೋಡಿದಾಗಲೇ ತಿಳಿಯಿತು. ನಾಲ್ಕು ದಿನಕ್ಕೆ ಬಂದವರು ತಟ್ಟೆ ತರುವುದಿಲ್ಲ.

"ಪುಸ್ತಕ ಓದಿದೆ ಅಕ್ಕ. ಎರಡ್ಸಲ."

"ಹೆಂಗೈತೆ?"

"ಬಾಳ ಸುಳ್ಳೈತೆ. ಹೊರಡೋವಾಗ ಅವಳು ಮೂರು ಪುಟ ಅಳ್ತಾಳೆ. ನಂಗೆ ಅಳುನೇ ಬರ್ಲಿಲ್ಲ. ಬಸ್ಸಿನಾಗ ಹಸಿವಾತು. ಎರಡು ಬಾಳೆಹಣ್ಣು ತಿಂದೆ."

ಇಬ್ಬರೂ ನಕ್ಕೆವು. ನಕ್ಕು ನಕ್ಕು ನಾನು ಅತ್ತೆ. ಅವಳು ಅಳಲಿಲ್ಲ.

ಗುತ್ತೆಪ್ಪ ಹನ್ನೊಂದು ವರ್ಷದಿಂದ ಅವಳ ಜೊತೆ ಮಾತು ಬಿಟ್ಟಿದ್ದಾನೆ. ಹಿರಿಯ ಮಗಳನ್ನು ಹಟ ಮಾಡಿ ಕಾಲೇಜಿಗೆ ಕಳಿಸಿದ ತಪ್ಪಿಗೆ. ಮಕ್ಕಳಿದ್ದಾಗ, "ನಿಮ್ಮವ್ವಗೆ ಹೇಳು, ಬಡಿಸ್ಲಿ" ಅನ್ನುತ್ತಿದ್ದ. ಕಿರಿಯವಳ ಮದುವೆಯೂ ಆಗಿ ಹೋಯಿತು. ಈಗ ಗೋಡೆಗೆ ಹೇಳುತ್ತಾನಂತೆ. "ಬಡಿಸು ಅನ್ನು ಆಕೆಗೆ" — ಗೋಡೆಗೆ!

ಇರು ಪುಷ್ಪಿ ಅಂದೆ. ಇದು ನಿನ್ನ ಮನೆ ಅಂದೆ. ಅಂದದ್ದು ನಿಜ.

ಜುಲೈ 7. ಸೋಮವಾರ

ಮಾರುತಿ ಊರ ಪಕ್ಕದ ಕರೂರಿನ ಕೈಗಾರಿಕಾ ಪ್ರದೇಶದಲ್ಲಿ ಮಾತಾಡಿ ಬಂದ. ಖಾರ ಮಂಡಕ್ಕಿ ಪ್ಯಾಕ್ ಮಾಡುವ ಒಂದು ಸಣ್ಣ ಯೂನಿಟ್. ಪುಷ್ಪಿ ಇವತ್ತಿನಿಂದ ಹೋದಳು. ಸಂಜೆ ಬಂದಾಗ ರೆಪ್ಪೆಯ ಮೇಲೆಲ್ಲ ಖಾರದ ಪುಡಿ. "ಅಲ್ಲಿ ಎಲ್ರೂ ನನ್ ಕೂಡ ಮಾತಾಡ್ತಾರೆ ಅಕ್ಕ. ಸೀದಾ ಮುಖ ನೋಡಿ." ಅದನ್ನೇ ಮೂರು ಸಲ ಹೇಳಿದಳು.

ಜುಲೈ 13. ಭಾನುವಾರ

ಕೂಟ ನಮ್ಮ ಮನೆಯಲ್ಲಿ. ನಾಗವೇಣಿಯ ಜಗಳ ಮುಗಿದಿರಲಿಲ್ಲ, ಅದನ್ನೇ ಮುಂದುವರಿಸುವುದೆಂದು ಆಗಿತ್ತು. ಪುಷ್ಪಿ ಚಹಾ ತಂದಳು.

ಬೊಮ್ಮಣ್ಣ: "ಓಹೋ, ಆಷಾಢಕ್ಕೆ ತವರಿಗೆ ಬಂದೀರೇನವ್ವ, ಹೊಸ ಮದುಮಗಳ ಹಂಗೆ?"

ಪುಷ್ಪಿ ತಟ್ಟೆ ಹಿಡಿದು ನಿಂತೇ ಹೇಳಿದಳು: "ಇಲ್ರಿ ಅಣ್ಣಾರ. ಬಿಟ್ಟು ಬಂದೀನಿ."

ಯಾರೂ ಲೋಟ ತೆಗೆದುಕೊಳ್ಳಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಕೈ ಚಾಚಿದರು. ಮೇಷ್ಟ್ರು ಮುಂದಿನ ತಿಂಗಳ ಪುಸ್ತಕದ ಮಾತೆತ್ತಿದರು. ನಾಗವೇಣಿಯ ಸುದ್ದಿ ಯಾರೂ ತೆಗೆಯಲಿಲ್ಲ. ಹದಿಮೂರು ಜನ, ಒಂದೂ ಅಭಿಪ್ರಾಯವಿಲ್ಲ.

ಸ್ವಾತಿಯನ್ನು ಗೇಟಿನ ಹತ್ತಿರ ಹಿಡಿದೆ. ಅವರ ಮನೆ ಮಹಡಿಯ ರೂಮು ಖಾಲಿ ಇದೆ. "ಪುಷ್ಪಿಗೆ ಬಾಡಿಗೆಗೆ ಕೊಡ್ತೀಯೇನಮ್ಮ?"

"ಆಂಟಿ... ನಂಗೇನೂ ಪ್ರಾಬ್ಲಂ ಇಲ್ಲ. ನಮ್ಮತ್ತೆ ಫ್ಯಾಮಿಲಿಗೇ ಕೊಡ್ಬೇಕು ಅಂತಾರೆ."

ಮೂರನೇ ಚಾಪ್ಟರಿಗೇ ಹೋಗಬೇಕಿತ್ತು ಅಂದವಳು. ಬಾಯಿಗೆ ಬಂತು. ಸ್ವಾತಿಗೆ ಹೇಳಲು ನಾನ್ಯಾರು? ಅವಳಲ್ಲಿ ರೂಮು ಕೇಳಿದ್ದೇ ಯಾಕೆ ನಾನು? ನಮ್ಮ ಮನೆಯಲ್ಲಿ ಜಾಗ ಇಲ್ಲವೆ?

ಜುಲೈ 15. ಮಂಗಳವಾರ

ಸುಷ್ಮಾ ಕೆಟ್ಟವಳಲ್ಲ. ಇದನ್ನು ಮೊದಲು ಬರೆದಿಡುತ್ತೇನೆ. ಸೊಪ್ಪು ಬಿಡಿಸುತ್ತಾ ಕೂತಿದ್ದೆವು.

"ಅತ್ತೆ, ಚಿಕ್ಕತ್ತೆ ಎಷ್ಟು ದಿನ ಇರ್ತಾರೆ ಅಂತ ನಾನು ಕೇಳ್ತಿಲ್ಲ. ಓಣಿಯೋರು ಕೇಳಿದ್ರೆ ಏನ್ ಹೇಳ್ಲಿ ಅಂತ ಕೇಳ್ತಿದೀನಿ."

"ಯಾರು ಕೇಳಿದ್ರು?"

"ಯಾರೂ ಕೇಳಿಲ್ಲ. ಅದೇ ಭಯ."

ಒಳ್ಳೆಯ ಸೊಪ್ಪನ್ನು ಕಸದ ಕಡೆ ಹಾಕುತ್ತಿದ್ದೆ. ಅವಳೇ ಆರಿಸಿ ಈಚೆ ಹಾಕಿಕೊಂಡಳು.

ಜುಲೈ 17. ಗುರುವಾರ, ಬೆಳಿಗ್ಗೆ 9

ಯೂನಿಟ್‌ನವರು ಆಧಾರ್ ಕಾರ್ಡು, ಪಾಸ್‌ಬುಕ್ಕು ಕೇಳಿದ್ದಾರೆ. ಎರಡೂ ಊರಿನ ಮನೆಯ ಟ್ರಂಕಿನಲ್ಲಿವೆ. ಹರಿಹರದ ಬಸ್ಸಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು, ಸಂಜೆಗೆ ವಾಪಸ್ ಅಂದಳು ಪುಷ್ಪಿ. ಈಗ ತಾನೇ ಹೋದಳು. ಉಡಿ ತುಂಬಿ ಕಳಿಸಿದೆ.

ಅದೇ ದಿನ, ಮಧ್ಯಾಹ್ನ 1

ಊಟಕ್ಕೆ ಕೂತವಳು ಎದ್ದು ಬಂದು ಇದನ್ನು ಬರೆಯುತ್ತಿದ್ದೇನೆ.

ನಾನು ಮಾಡಿದ್ದೇನು?

ಬಾಗಿಲ ಹತ್ತಿರ ನಿಲ್ಲು ಅಂದೆ. ಕುಂಕುಮ ಇಟ್ಟೆ. ಸೆರಗು ಹಿಡಿ ಅಂದೆ. ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಹಸಿರು ರವಿಕೆ ಕಣ. ಮೂವತ್ತು ವರ್ಷದಲ್ಲಿ ಅವಳು ಈ ಬಾಗಿಲಿಂದ ಹೊರಟಾಗಲೆಲ್ಲ ತುಂಬಿದ್ದೇನೆ. ಕೈ ತಾನಾಗಿ ಹೋಯಿತು.

ಸಂಜೆ ಬರುವವಳಿಗೆ ಯಾರಾದರೂ ಉಡಿ ತುಂಬುತ್ತಾರೆಯೆ? ತವರಿಂದ ಗಂಡನ ಮನೆಗೆ ಹೊರಟವಳಿಗೆ ತುಂಬುವುದು ಅದು. ಹೋಗಿ ಬಾಳು ಅಂತ.

ಅವಳು ಸೆರಗು ಹಿಡಿದೇ ನನ್ನ ಮುಖ ನೋಡಿದಳು. ನಾನು ಅಕ್ಕಿ ನೋಡುತ್ತಿದ್ದೆ. ಪದ್ಧತಿಯಂತೆ ನಾಲ್ಕು ಕಾಳು ಹೊಸ್ತಿಲ ಒಳಗೆ ಹಾಕಿದಳು, ತವರು ತಣ್ಣಗಿರಲಿ ಅಂತ. ಬರ್ತೀನಿ ಅನ್ನಲಿಲ್ಲ.

ಸಂಜೆ 7

ಬಸ್ಸುಗಳೆಲ್ಲ ಬಂದವು.

ಜುಲೈ 19. ಶನಿವಾರ

ಪುಷ್ಪಿಯೇ ಫೋನ್ ಮಾಡಿದಳು.

"ಆಧಾರ್ ಸಿಕ್ಕಿತೇನೆ?"

"ಸಿಕ್ತು."

"ಮತ್ತೆ ಬಾರವ್ವ. ಸೋಮವಾರ ಕೆಲ್ಸಕ್ಕೆ ಹೋಗ್ಬೇಕಲ್ಲ."

"ಬ್ಯಾಡ ಬಿಡಕ್ಕ. ಉಡಿ ತುಂಬಿದ್ಯಲ್ಲ."

"ಅದು ರೂಢಿ ಮೇಲೆ ಪುಷ್ಪಿ! ಕೈ ಮರೆತು..."

"ಹೂಂ. ನಾನೂ ಬಸ್ಸಿನಾಗ ಹಂಗೇ ಅನ್ಕೊಂಡೆ. ಆಮೇಲೆ ಕಣ ಬಿಚ್ಚಿ ನೋಡಿದೆ. ಇಸ್ತ್ರಿ ಮಾಡಿದ್ದು ಇತ್ತು."

ಆಮೇಲೆ ಎಮ್ಮೆಯ ಸದ್ದು ಮಾತ್ರ.

ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಲಿ? ಹೌದು. ಬುಧವಾರ ಸಂಜೆಯೇ ಬೀರುವಿನಿಂದ ಕಣ ತೆಗೆದಿದ್ದೆ. ಮಡಿಕೆ ನೆಟ್ಟಗಿರಲಿ ಅಂತ ಇಸ್ತ್ರಿ ಪೆಟ್ಟಿಗೆ ಕೂಡ ಎಳೆದಿದ್ದೆ. ಯಾಕೆ ಅಂತ ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಓಣಿ ಕೇಳುವ ಮೊದಲೇ ಓಣಿಗೆ ಉತ್ತರ ಮಡಿಸಿಟ್ಟೆ.

ಆಗಸ್ಟ್ 3. ಭಾನುವಾರ

ಕಡರನಾಯಕನಹಳ್ಳಿಗೆ ಹೋಗಿದ್ದೆ. ಮಾರುತಿ ಬೈಕಿನಲ್ಲಿ ಬಿಟ್ಟ. ಗುತ್ತೆಪ್ಪ ಕಟ್ಟೆಯ ಮೇಲಿದ್ದ. ನನಗೆ, "ಬರ್ರಿ, ಕೂಡ್ರಿ ಅಕ್ಕಾರ" ಎಂದ. ತುಂಬ ಮರ್ಯಾದೆ. ಮುಖ ತಿರುಗಿಸಿ ಗೋಡೆಗೆ, "ಚಾ ಮಾಡು ಅನ್ನು." ಪುಷ್ಪಿ ಗೋಡೆಗೇ "ಹೂಂ" ಅಂದಳು. ನನ್ನ ಕಣ್ಣೆದುರೇ.

ಒಲೆಯ ಹತ್ತಿರ ಕೂತು ಕರೆದೆ. ಕೈ ಹಿಡಿದು ಕರೆದೆ. ಈ ಸಲ ಖಂಡಿತ ಹಂಗೆ ಮಾಡಲ್ಲ ಅಂದೆ. ಸುಷ್ಮಾಳೂ ಕರೆದಿದ್ದಾಳೆ ಅಂದೆ. ಅದು ನಿಜವೇ. ಹೊರಡುವಾಗ, "ಕರ್ಕೊಂಡ್ ಬರ್ರಿ ಅತ್ತೆ, ಯಾರ್ ಏನಂದ್ರೂ ಅನ್ಲಿ" ಅಂದಿದ್ದಳು ಆ ಹುಡುಗಿ.

ಪುಷ್ಪಿ ಚಹಾ ಸೋಸುತ್ತಾ, "ಅಲ್ಲಿ ಕೆಲ್ಸಕ್ಕೆ ಬೇರೆಯೋರು ಬಂದ್ರಂತೆ. ಮಾರುತಿ ಹೇಳಿದ" ಅಂದಳು. ಆಮೇಲೆ, "ಬಂದ್ರೆ ದಿನಾ ನಿನ್ ಮುಖ ನೋಡ್ಕೊಂಡು ಇರ್ಬೇಕಲ್ಲಕ್ಕ, ಇವತ್ತು ಏನ್ ಅನ್ಕೊಂಡಾಳೋ ಅಂತ. ಇಲ್ಲಿ ಗೋಡೆ. ಅದರ ಮುಖ ನೋಡೋದು ಬ್ಯಾಡ."

ಸಿಟ್ಟಿಲ್ಲ ಅವಳಿಗೆ. ಸಿಟ್ಟಿದ್ದಿದ್ದರೆ ಕಾಲು ಹಿಡಿಯುತ್ತಿದ್ದೆ.

ಪುಸ್ತಕ ವಾಪಸ್ ಕೊಟ್ಟಳು. ಬಳಗದ್ದಲ್ಲವೆ, ಯಾರಾದರೂ ಓದಲಿ ಅಂತ.

ಆಗಸ್ಟ್ 9. ಶನಿವಾರ, ಮಧ್ಯಾಹ್ನ

ನಾಳೆ ಕೂಟ. ಎಲ್ಲರ ಅಭಿಪ್ರಾಯ ಬರೆಸಿಕೊಂಡು ಕಾದಂಬರಿ ಬರೆದ ಅಮ್ಮನಿಗೆ ಕಳಿಸುತ್ತಾರಂತೆ. ಮೇಷ್ಟ್ರ ಫೋನು: "ಭುವನಮ್ಮ, ಹನ್ನೆರಡು ಜನರದು ಬಂದೈತೆ. ಬೊಮ್ಮಣ್ಣನೂ ಬರ್ದ್ ಕೊಟ್ಟ, ರಿವರ್ಸ್ ಗೇರಿಂದೇ ಒಂದ್ ಪುಟ! ನಿಮ್ದೊಂದೇ ಬಾಕಿ ನೋಡ್ರಿ."

ಮೂರು ಹಾಳೆ ಹರಿದೆ. ಪುಷ್ಪಿಗೆ ಬರೆಯುವ ಕಾಗದದ ಹಾಗೆಯೇ ಶುರುವಾಗುತ್ತದೆ ಎಲ್ಲವೂ — ಕ್ಷೇಮ, ಮಂಡಿ ನೋವು. ಮೊದಲು ಇಲ್ಲೇ ಕರಡು ಬರೆದು, ಆಮೇಲೆ ನಕಲು ಮಾಡುತ್ತೇನೆ.

"ಅಮ್ಮಾ, ನಿಮ್ಮ ಕಾದಂಬರಿಯನ್ನು ನಾನು ಎರಡು ಸಲ ಓದಿದೆ. ಭಾಷೆಯ ಬಗ್ಗೆ ಹೇಳುವಷ್ಟು ಓದಿದವಳಲ್ಲ. ನಿಮ್ಮ ನಾಗವೇಣಿ ಒಬ್ಬಳೇ ಮಗಳು. ಅವಳಿಗೆ ತವರಿಲ್ಲ, ಅಕ್ಕ ಅನ್ನುವವಳು ಇಲ್ಲ. ಮೊದಲನೇ ಸಲ ಓದಿದಾಗ ಪಾಪ, ಅವಳಿಗೆ ಯಾರೂ ಇಲ್ಲವಲ್ಲ ಅನ್ನಿಸಿತ್ತು. ಎರಡನೇ ಸಲ ಓದಿದಾಗ ತಿಳಿಯಿತು. ಅದಕ್ಕೇ ಅವಳು ಹೋದವಳು ಹೋಗಿಯೇ ಬಿಟ್ಟಳು; ಉಡಿ ತುಂಬಿ ವಾಪಸ್ ಕಳಿಸಲು ಯಾರೂ ಇರಲಿಲ್ಲ."