ನನ್ನದೇ ಪಿಸ್ತೂಲು

ಮಾರ್ಚ್ ೧೪, ಶನಿವಾರ

ಹೆಬ್ಬೆರಳು ಇನ್ನೂ ಉರಿಯುತ್ತಿದೆ, ಖುಷಿಗೆ ನಿದ್ದೆಯೂ ಹತ್ತುತ್ತಿಲ್ಲ. ಇಷ್ಟು ವರ್ಷ ಶೂಟಿಂಗ್ ಕ್ಲಬ್ಬಿನ ಪಿಸ್ತೂಲಿನಲ್ಲೇ ಗುರಿ ಕಲಿತವಳಿಗೆ ಇವತ್ತು ಸ್ವಂತದ್ದು ಕೈಗೆ ಬಂತು. ಆದರೆ ಹೊಸದರ ಸ್ಲೈಡು, ಅಂದರೆ ಗುಂಡೇರಿಸಲು ಹಿಂದಕ್ಕೆ ಸರಿಸುವ ಮೇಲ್ಭಾಗ, ಬಲು ಬಿಗಿ; ಎಷ್ಟು ಎಳೆದರೂ ಜಗ್ಗಲಿಲ್ಲ.

ಕ್ಲಬ್ಬಿಗೆ ಜೊತೆಗೆ ಬಂದಿದ್ದ ಅಕ್ಕ ನಕ್ಕಳು. "ಡಬ್ಬಿ ಮುಚ್ಚಳ ತೆಗೆಯೋಕೂ ನನ್ನನ್ನೇ ಕರೀತೀಯ. ನಿಂಗ್ಯಾಕೆ ಬೇಕಿತ್ತೇ ಇದು?"

ನನ್ನ ಮುಖ ಸಪ್ಪಗಾಯಿತು.

"ಎಳೀಬೇಡಮ್ಮ," ಎಂದರು ತರಬೇತುದಾರರು. "ಸ್ಲೈಡನ್ನ ಗಟ್ಟಿಯಾಗಿ ಹಿಡ್ಕೊಂಡು, ಬಲಗೈಲಿ ಪಿಸ್ತೂಲನ್ನೇ ಮುಂದಕ್ಕೆ ತಳ್ಳು."

ತಳ್ಳಿದೆ. ಖಟ್ಟೆಂದು ಸರಿಯಿತು, ಮೈಯೆಲ್ಲ ಜುಮ್ಮೆಂದಿತು.

ಗುಂಡು ತುಂಬಿ ಹೊಡೆದೆ. ಮೊದಲನೆಯದು ಗುರಿಹಲಗೆಗೇ ತಾಗಲಿಲ್ಲ. ಕೊನೆಯದು ನಟ್ಟನಡುವೆ.

ತಿರುಗಿ ನೋಡಿದರೆ ಅಕ್ಕ ಮೆಲ್ಲಗೆ ಕೇಳುತ್ತಿದ್ದಳು, "ಸಾರ್, ನಾನೂ ಸೇರ್ಕೋಬಹುದಾ?"

ಸೇರಲಿ, ಸಂತೋಷ. ನನ್ನದನ್ನು ಮಾತ್ರ ಮುಟ್ಟಕೂಡದು.